ಆಲೆಮನೆಯಲ್ಲಿ ನಮ್ಮ ಕಿರುಚಿತ್ರ, ಬೂಮ್ ಹಿಡಿದವಳ ಕಡೆಯಿಂದ

ಸ್ಟೂಡೆಂಟ್ ಫಿಲ್ಮ್ ಮಾಡೋಣ ಅಂತ ಒಂದು ಗುಂಪು ಕೂತಾಗ ಎಲ್ರೂ ಕೈ ಎತ್ತೋದು ಎರಡೇ ಕೆಲ್ಸಕ್ಕೆ, ಡೈರೆಕ್ಷನ್ನು ಮತ್ತೆ ಕ್ಯಾಮೆರಾ. ಸ್ಕ್ರಿಪ್ಟಿಗೆ ಒಬ್ರೋ ಇಬ್ರೋ ಬರ್ತಾರೆ, ಎಡಿಟಿಂಗು ಯಾರ ಲ್ಯಾಪ್‌ಟಾಪ್ ಚೆನ್ನಾಗಿದ್ಯೋ ಅವ್ರ ಪಾಲಿಗೆ ಹೋಗತ್ತೆ, ಆಮೇಲೆ ಉಳ್ಕೊಳ್ಳೋ ಸೌಂಡು, ಕಂಟಿನ್ಯೂಟಿ (ಒಂದು ಶಾಟಲ್ಲಿದ್ದಿದ್ದು ಮುಂದಿನ ಶಾಟಿಗೆ ಹೊಂದತ್ತಾ ಅಂತ ನೋಡೋದು), ಪ್ರೊಡಕ್ಷನ್ನು, ಡೇಟಾ ಇವನ್ನೆಲ್ಲ "ಯಾರಾದ್ರೂ ನೋಡ್ಕೊಳ್ಳಿ" ಅಂತ ಬಿಟ್ಬಿಡ್ತಾರೆ. ನಮ್ ಕ್ಲಾಸಿನ 8 ಜನ ಸೇರ್ಕೊಂಡು ಮಂಡ್ಯ ಕಡೆ ಒಂದು ಆಲೆಮನೆಯಲ್ಲಿ ಕಿರುಚಿತ್ರ ಮಾಡಿ ಮುಗಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ಸಿರೋದು ಇಷ್ಟೇ, ಸಿನಿಮಾ ಆಗೋದೋ ಬಿಡೋದೋ ಅನ್ನೋದು ಈ ಉಳ್ಕೊಂಡ ಕೆಲಸಗಳ ಮೇಲೆ ನಿಂತಿರತ್ತೆ, ಅದನ್ನ ಯಾರೋ ಒಬ್ರು ಇದು ನಂದು ಅಂತ ಹೊತ್ಕೊಂಡಿದ್ರೆ ಆಗತ್ತೆ, ಇಲ್ಲಾಂದ್ರೆ ಎಷ್ಟೇ ಒಳ್ಳೆ ಕ್ಯಾಮೆರಾ ಬಾಡಿಗೆಗೆ ತಂದ್ರೂ ಆಗಲ್ಲ. ಜೂನಿಯರ್ಸ್ ಸಿಕ್ಕಾಗೆಲ್ಲ "ಅಕ್ಕ, ಯಾವ ಕ್ಯಾಮೆರಾ, ಯಾವ ಲೆನ್ಸು" ಅಂತ್ಲೇ ಕೇಳ್ತಾರೆ, ಅದಕ್ಕೆ ನಮ್ ಪ್ರೊಸೆಸ್ ಹೆಂಗಿತ್ತು ಅಂತ ಒಂದ್ಸಲ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ನಾನು ಮಾಡಿದ್ದು ಸೌಂಡು, ಬೂಮ್ ಅಂದ್ರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು ಹಿಡಿಯೋದೂ ಅದ್ರಲ್ಲೇ. ಬೇರೆ ಯಾರೂ ತಗೊಳ್ಳಲಿಲ್ಲ ಅಂತಲ್ಲ, ಕೇಳಿ ತಗೊಂಡಿದ್ದು. ಮನೇಲಿ ಅಜ್ಜಿ ಜೊತೆ ಆಕಾಶವಾಣಿ ನಾಟಕ ಕೇಳ್ಕೊಂಡು ಬೆಳೆದೋಳು ನಾನು, ಬಾಗಿಲ ಚಿಲಕದ ಸದ್ದೊಂದರಲ್ಲೇ ಇಡೀ ಮನೆ ಕಣ್ಮುಂದೆ ಬರ್ತಿತ್ತು, ಆ ಆಸೆ ಇತ್ತು.

ಕಥೆ ಆಲೆಮನೆಗೆ ಬಂದಿದ್ದು ನಿಧಾನಕ್ಕೆ. ಮೊದಲನೇ ಸ್ಕ್ರಿಪ್ಟಲ್ಲಿ ಮದುವೆ ಮನೆ ಇತ್ತು, ಬಸ್‌ಸ್ಟ್ಯಾಂಡ್ ಇತ್ತು, ಮಳೆ ಇತ್ತು, ರೈಲ್ವೆ ಸ್ಟೇಷನ್ ಇತ್ತು, ಪೇಜು ಎಣಿಸಿದ್ರೆ ಇಪ್ಪತ್ತರ ಮೇಲೆ. ಒಂದು ಪೇಜು ಅಂದ್ರೆ ಸುಮಾರಾಗಿ ತೆರೆ ಮೇಲೆ ಒಂದು ನಿಮಿಷ, ಇದು ಎಲ್ರೂ ಬಳಸೋ ಲೆಕ್ಕ. ರೈಲ್ವೆ ಸ್ಟೇಷನ್ನಲ್ಲಿ ಶೂಟ್ ಮಾಡ್ಬೇಕಂದ್ರೆ ರೈಲ್ವೆಯವ್ರ ಅನುಮತಿ ಬೇಕು, ಮಳೆ ಬೇಕಂದ್ರೆ ಟ್ಯಾಂಕರ್ ಬೇಕು, ಮದುವೆ ಮನೆಗೆ ಜನ ಬೇಕು. ನಮ್ ಗೈಡ್ ಮೇಡಂ ಪೂರ್ತಿ ಓದಿ ಒಂದೇ ಮಾತು ಕೇಳಿದ್ರು, "ನಿಮ್ಮಲ್ಲಿ ಯಾರ್ಗೆ ಯಾವ ಜಾಗ ತುಂಬಾ ಚೆನ್ನಾಗಿ ಗೊತ್ತು?" ಆಗ ನಮ್ ಜೊತೆ ಇದ್ದ ಮಂಡ್ಯದ ಹುಡುಗ, ಅಲ್ಲಿವರೆಗೂ ಮೀಟಿಂಗಲ್ಲಿ ಒಂದು ಮಾತಾಡದೇ ಇದ್ದವನು, ಅವ್ನ ಮಾವಂದಿರ ಆಲೆಮನೆ ಬಗ್ಗೆ ಹೇಳೋಕೆ ಶುರು ಮಾಡ್ದ. ರಾತ್ರಿ ಎರಡು ಗಂಟೆಗೆ ಕೊಪ್ಪರಿಗೆ ಇಳಿಸೋದು, ಒಲೆ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ತಾ ಕೂತಿರೋರ ಮುಖ, ಪಾಕ ನೋಡೋಕೆ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟೋದು. ಅವನು ಅರ್ಧ ಗಂಟೆ ಮಾತಾಡಿದ, ನಮ್ ಹಳೇ ಸ್ಕ್ರಿಪ್ಟನ್ನ ಆಮೇಲೆ ಯಾರೂ ತೆಗೆದು ನೋಡಲೂ ಇಲ್ಲ.

ಹೊಸ ಕಥೆ ತುಂಬ ಸರಳ. ಆಲೆಮನೆ ನಿಲ್ಲಿಸಿ ಜಾಗ ಮಾರೋಣ ಅನ್ನೋ ಅಣ್ಣ, ಬೇಡ ಅನ್ನೋ ತಂಗಿ, ಒಂದು ರಾತ್ರಿ, ಒಂದು ಕೊಪ್ಪರಿಗೆ ಬೆಲ್ಲ ಆಗೋ ಹೊತ್ತಲ್ಲಿ ಇಬ್ರ ಮಾತುಕತೆ. ಎರಡು ಪಾತ್ರ, ಎರಡು ಜಾಗ, ಆಲೆಮನೆ ಮತ್ತೆ ಪಕ್ಕದ ಮನೆ. ಅದ್ರಲ್ಲೂ ಮೊದಲು ಬರೆದಾಗ ತಾತನ ಬಾಯಲ್ಲಿ ಉದ್ದುದ್ದ ಮಾತಿತ್ತು, ಕನ್ನಂಬಾಡಿ ಕಟ್ಟೆ ನೀರು ನಾಲೆಗೆ ಬಂದಿದ್ದು, 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಂಪನಿ ಆಗಿದ್ದು, 1939ರಲ್ಲಿ ಮಂಡ್ಯ ಮೈಸೂರಿಂದ ಬೇರೆ ಜಿಲ್ಲೆ ಆಗಿದ್ದು ಎಲ್ಲ. ಸ್ಕ್ರಿಪ್ಟ್ ಬರೆದ ಹುಡುಗಿ ಲೈಬ್ರರೀಲಿ ಕೂತು ಓದಿ ಸೇರಿಸಿದ್ದು, ಒಂದೊಂದೂ ನಿಜ. ಆದ್ರೆ ಜೋರಾಗಿ ಓದಿಸಿ ಕೇಳಿದಾಗ ತಾತ ಮಾತಾಡ್ತಿದ್ದಾನೆ ಅನ್ನಿಸ್ತಿರ್ಲಿಲ್ಲ, ಸಮಾಜ ಪುಸ್ತಕ ಓದ್ತಿದ್ದಾನೆ ಅನ್ನಿಸ್ತಿತ್ತು. ಅವಳೇ ತೆಗೆದಳು, ಕೊನೆಗೆ ತಾತನ ಪಾತ್ರವನ್ನೇ ತೆಗೆದಳು. ಆ ಓದು ಮಾತ್ರ ದಂಡ ಆಗ್ಲಿಲ್ಲ, ಜಾಗ ಮಾರೋ ಮಾತು ಬಂದಾಗ ತಂಗಿ ಯಾಕಷ್ಟು ಸಿಟ್ಟಾಗ್ತಾಳೆ ಅನ್ನೋದು ನಟಿಗೆ ವಿವರಿಸೋಕೆ ಅದೆಲ್ಲ ಬೇಕಾಯ್ತು. ಸ್ಕ್ರಿಪ್ಟ್ ಬರೆದೋರು ಪಾತ್ರದ ಬಗ್ಗೆ ತೆರೆ ಮೇಲೆ ಬರೋದಕ್ಕಿಂತ ಹತ್ತು ಪಟ್ಟು ಜಾಸ್ತಿ ತಿಳ್ಕೊಂಡಿರ್ಬೇಕು ಅಂತ ನಾನು ನಂಬ್ತೀನಿ.

ಕೆಲಸ ಹಂಚೋವಾಗ ಮೇಡಂ ಇನ್ನೊಂದು ಮಾತು ಹೇಳಿದ್ರು. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಫಿಲ್ಮ್ ಸ್ಕೂಲ್ ವಿದ್ಯಾರ್ಥಿಗಳಿಗೆ ಅಂತ್ಲೇ ಇರೋ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂತಲ್ಲ, ಚಿದಾನಂದ ಎಸ್. ನಾಯ್ಕ್ ನಿರ್ದೇಶನದ 16 ನಿಮಿಷದ ಕನ್ನಡ ಸಿನಿಮಾಗೆ, ಕೋಳಿ ಕದ್ದ ಅಜ್ಜಿಯ ಜನಪದ ಕಥೆ. ಎಂಬಿಬಿಎಸ್ ಮುಗಿಸಿ ಪುಣೆಯ ಫಿಲ್ಮ್ ಸ್ಕೂಲ್ ಎಫ್‌ಟಿಐಐಗೆ ಹೋದವರು ಅವ್ರು. ಅದು ಅಲ್ಲಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೇ ಅಭ್ಯಾಸ, ಡೈರೆಕ್ಷನ್, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಈ ನಾಲ್ಕು ವಿಭಾಗದಿಂದ ಒಬ್ಬೊಬ್ಬರು ಸೇರಿ ಒಂದು ಸಿನಿಮಾ ಮಾಡೋದು. ಕ್ಯಾಮೆರಾ ಸೂರಜ್ ಠಾಕೂರ್, ಎಡಿಟಿಂಗ್ ಮನೋಜ್ ವಿ., ಸೌಂಡ್ ಅಭಿಷೇಕ್ ಕದಂ. "ನಾಲ್ಕಕ್ಕೂ ಸಮ ತೂಕ ನೋಡಿ, ಸೌಂಡು ಉಳಿದ ಮೂರರ ಪಕ್ಕದಲ್ಲೇ ಕೂತಿದೆ, ಹಿಂದೆ ಅಲ್ಲ" ಅಂದ್ರು ಮೇಡಂ. ನಾವು ಅವತ್ತೇ ಒಂದು ಶೀಟಲ್ಲಿ ಬರ್ಕೊಂಡ್ವಿ, ಯಾವ ಕೆಲಸ ಯಾರದ್ದು, ಆ ಕೆಲಸದಲ್ಲಿ ಕೊನೇ ಮಾತು ಯಾರದ್ದು ಅಂತ. ಸೌಂಡ್ ಸರಿ ಇಲ್ಲ ಅಂತ ನಾನು ಹೇಳಿದ್ರೆ ಟೇಕ್ ಓಕೆ ಆಗಲ್ಲ. ಕಂಟಿನ್ಯೂಟಿ ನೋಡೋಳು ಕೈ ಎತ್ತಿದ್ರೆ ಕ್ಯಾಮೆರಾ ಓಡಲ್ಲ. ಈ ಶೀಟು ಮುಂದೆ ನಮ್ನ ತುಂಬಾ ಕಡೆ ಕಾಪಾಡ್ತು.

ಲೊಕೇಶನ್ ನೋಡೋಕೆ ಹೋಗೋದು ಅಂದ್ರೆ ಸಾಮಾನ್ಯವಾಗಿ ಡೈರೆಕ್ಟರ್ರು ಕ್ಯಾಮೆರಾಮನ್ನು ಇಬ್ರು ಹೋಗಿ ಫೋಟೊ ತೆಕ್ಕೊಂಡು ಬರೋದು. ನಾವು ಎಲ್ರೂ ಹೋದ್ವಿ. ಅವ್ರಿಬ್ರು ಕಣ್ಣಿಗೆ ಫ್ರೇಮ್ ಕಟ್ತಾ ಓಡಾಡ್ತಿದ್ರೆ ನಾನು ರೆಕಾರ್ಡರ್ ಆನ್ ಮಾಡ್ಕೊಂಡು ಹೆಡ್‌ಫೋನ್ ಹಾಕ್ಕೊಂಡು ಒಂದು ಮೂಲೆಲಿ ಸುಮ್ನೆ ಕೂತೆ. ಹೆಡ್‌ಫೋನಲ್ಲಿ ಆಲೆಮನೆ ಬೇರೇನೇ ಜಾಗ. ಬರೀ ಕಿವಿಗೆ ಅಷ್ಟೇನೂ ಅನ್ನಿಸದ ಗಾಣದ ಮೋಟರು ಮೈಕಲ್ಲಿ ಎಲ್ಲಾ ಮಾತನ್ನೂ ನುಂಗಿಹಾಕ್ತಿತ್ತು, ಒಲೆ ಉರಿ ಭೋರ್ ಅಂತಿತ್ತು, ಹೊರಗೆ ಟ್ರ್ಯಾಕ್ಟರು, ದೂರದ ದೇವಸ್ಥಾನದ ಮೈಕ್‌ಸೆಟ್ಟು. ಮೋಟರ್ ಪಕ್ಕ ನಿಂತು ಇಬ್ರನ್ನ ಮಾತಾಡ್ಸಿ ರೆಕಾರ್ಡ್ ಮಾಡಿ ರಾತ್ರಿ ಎಲ್ರಿಗೂ ಕೇಳಿಸ್ದೆ, ಒಂದು ಪದಾನೂ ಅರ್ಥ ಆಗ್ಲಿಲ್ಲ. ಅವತ್ತಿನವರೆಗೂ ಮುಖ್ಯ ಜಗಳದ ಸೀನು ಗಾಣದ ಪಕ್ಕಾನೇ ಆಗ್ಬೇಕು ಅಂತಿತ್ತು, ನೋಡೋಕೆ ಅಷ್ಟು ಚೆನ್ನಾಗಿತ್ತು ಆ ಜಾಗ.

ದಾರಿ ತೋರ್ಸಿದ್ದು ಆಲೆಮನೆ ಯಜಮಾನ್ರು. ನಾನು ಮೋಟರ್ ಸದ್ದಿನ ಬಗ್ಗೆ ತಲೆ ಕೆಡಿಸ್ಕೊಂಡಿದ್ದು ನೋಡಿ "ಅದ್ಕ್ಯಾಕವ್ವ ಅಷ್ಟ್ ಯೋಚ್ನೆ ಮಾಡ್ತೀಯ, ತ್ರೀ ಫೇಸ್ ಹೋದ್ಮೇಲೆ ಮಾತಾಡ್ಕಳಿ, ಮೋಟ್ರು ಎಲ್ ಓಡದು" ಅಂದ್ರು. ಹಳ್ಳಿ ಕಡೆ ಪಂಪ್‌ಸೆಟ್ಟಿಗೆ, ಗಾಣಕ್ಕೆ ಬೇಕಾದ ತ್ರೀ ಫೇಸ್ ಕರೆಂಟು ಇಡೀ ದಿನ ಇರಲ್ಲ, ಪಾಳಿ ಪ್ರಕಾರ ಇಂತಿಷ್ಟು ಗಂಟೆ ಬರತ್ತೆ. ಕರೆಂಟ್ ಇದ್ದಾಗ ಕಬ್ಬು ಅರೀತಾರೆ, ಕಬ್ಬಿನ ಹಾಲು ಅಂದ್ರೆ ರಸ ತೊಟ್ಟಿಗೆ ತುಂಬ್ಕೊಳ್ತಾರೆ, ಕಾಯಿಸೋಕೆ ಕರೆಂಟ್ ಬೇಕಿಲ್ಲ, ಒಲೆ ಉರೀತಾ ಇರತ್ತೆ. ಅಂದ್ರೆ ಗಾಣ ನಿಂತು, ಹಾಲು ಮಾತ್ರ ಕುದೀತಿರೋ ಹೊತ್ತು ದಿನಾ ಸಿಗತ್ತೆ. ನಮ್ ಪ್ರೊಡಕ್ಷನ್ ನೋಡ್ಕೊಳ್ತಿದ್ದ ಹುಡುಗ ಆ ವಾರದ ಕರೆಂಟ್ ಟೈಮಿಂಗ್ ಕೇಳ್ಕೊಂಡು ಬಂದು ಇಡೀ ಶೆಡ್ಯೂಲನ್ನ ಅದ್ರ ಮೇಲೆ ಮತ್ತೆ ಹಾಕ್ದ. ಕರೆಂಟ್ ಇದ್ದಾಗ ಮಾತಿಲ್ಲದ ಶಾಟ್‌ಗಳು, ಗಾಣಕ್ಕೆ ಕಬ್ಬು ಕೊಡೋದು, ಸಿಪ್ಪೆ ಹೊರೋದು, ಒಲೆ. ಕರೆಂಟ್ ಹೋದ್ಮೇಲೆ ಮಾತು. ಸ್ಕ್ರಿಪ್ಟೂ ಬದಲಾಯ್ತು, ಜಗಳದ ಮಧ್ಯದಲ್ಲಿ ಗಾಣ ನಿಂತುಹೋಗತ್ತೆ, ಅಲ್ಲಿವರೆಗೂ ಕೂಗಾಡ್ತಿದ್ದ ಅಣ್ಣ ತಂಗಿ ಅಷ್ಟು ನಿಶ್ಶಬ್ದದಲ್ಲಿ ಕೂಗೋಕಾಗ್ದೆ ದನಿ ಇಳಿಸ್ತಾರೆ. ಇಡೀ ಸಿನಿಮಾದಲ್ಲಿ ನೋಡಿದವ್ರು ಜಾಸ್ತಿ ನೆನಪಿಟ್ಕೊಂಡಿರೋ ಜಾಗ ಇದು, ಇದು ಹುಟ್ಟಿದ್ದು ಮಂಡ್ಯ ಕಡೆ ಕರೆಂಟ್ ಕೊಡೋ ಮೈಸೂರಿನ ಸೆಸ್ಕ್ ಕಂಪನಿಯ ಪಾಳಿಯಿಂದ.

ಪಾಕದ ವಿಷಯ ಇನ್ನೂ ಕಷ್ಟದ್ದು. ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳೋವಾಗ ಹಸಿರು ಬೂದಿ ಬಣ್ಣ, ಸುಣ್ಣ ಹಾಕಿ ಕೊಳೆ ತೆಗೀತಾ ಹೋದ ಹಾಗೆ ತಿಳಿಯಾಗತ್ತೆ, ಆಮೇಲೆ ಹಳದಿ, ಕೊನೇಲಿ ದಪ್ಪ ದಪ್ಪ ಗುಳ್ಳೆ ಬಂದು ಹೊಂಬಣ್ಣ. ಇಷ್ಟಕ್ಕೆ ಎರಡೂವರೆ ಮೂರು ಗಂಟೆ ಹಿಡಿಯತ್ತೆ. ಪಾಕ ಬಂದ ಮೇಲೆ ಅದು ಯಾರಿಗೂ ಕಾಯಲ್ಲ, ಇಳಿಸ್ಲೇಬೇಕು, ಸ್ವಲ್ಪ ತಡ ಆದ್ರೂ ಸೀದುಹೋಗತ್ತೆ, ಆ ಮನೆಯವ್ರಿಗೆ ಅಷ್ಟು ಟನ್ ಕಬ್ಬಿನ ನಷ್ಟ. ಹಾಗಾಗಿ ಒನ್ ಮೋರ್ ಅನ್ನೋ ಮಾತೇ ಇಲ್ಲ, ಒನ್ ಮೋರ್ ಬೇಕಂದ್ರೆ ಮುಂದಿನ ಕೊಪ್ಪರಿಗೆವರೆಗೂ ಕಾಯ್ಬೇಕು. ಇದನ್ನ ಸಂಭಾಳಿಸಿದ್ದು ಕಂಟಿನ್ಯೂಟಿ ಹುಡುಗಿ. ಶೂಟಿಂಗಿಗೆ ಮುಂಚೆ ಒಂದು ರಾತ್ರಿ ಪೂರ್ತಿ ಅಲ್ಲೇ ಇದ್ದು ಪ್ರತಿ ಹದಿನೈದು ನಿಮಿಷಕ್ಕೆ ಕೊಪ್ಪರಿಗೆಯ ಫೋಟೊ ತೆಗೆದು, ಗೋಡೆಗೆ ಅಂಟಿಸೋ ಹಾಗೆ ಒಂದು ಚಾರ್ಟ್ ಮಾಡಿದಳು. ಯಾವ ಡೈಲಾಗ್ ಹೊತ್ತಿಗೆ ಹಾಲು ಯಾವ ಬಣ್ಣದಲ್ಲಿರ್ಬೇಕು, ನೊರೆ ಎಷ್ಟಿರ್ಬೇಕು, ಅಣ್ಣನ ಬನಿಯನ್ ಎಲ್ಲಿವರೆಗೆ ಬೆವರಲ್ಲಿ ನೆಂದಿರ್ಬೇಕು ಎಲ್ಲ ಅದ್ರಲ್ಲಿ. ಅದು ಇಲ್ದೇ ಹೋಗಿದ್ರೆ ಒಂದು ಶಾಟಲ್ಲಿ ಹಸಿ ಹಾಲು, ಮುಂದಿನ ಶಾಟಲ್ಲಿ ಬೆಲ್ಲ, ಅದರ ಮುಂದಿಂದ್ರಲ್ಲಿ ಮತ್ತೆ ಹಾಲು ಬರ್ತಿತ್ತು. ಎಡಿಟರ್ ಹೇಳೋ ಪ್ರಕಾರ ಅವ್ನ ಅರ್ಧ ಕೆಲಸ ಆ ಚಾರ್ಟೇ ಮಾಡಿತ್ತು. ಪೋಸ್ಟರಲ್ಲಿ ಅವಳ ಹೆಸರು ಡೈರೆಕ್ಟರ್ ಹೆಸರಿನಷ್ಟೇ ದೊಡ್ಡದಾಗಿ ಇರ್ಬೇಕು ಅಂತ ನಾವೆಲ್ಲ ಹಠ ಮಾಡಿದ್ದಕ್ಕೆ ಇದೇ ಕಾರಣ.

ಕ್ಯಾಮೆರಾ ಕಡೆ ಟೆಸ್ಟ್ ಶೂಟಲ್ಲಿ ಎರಡು ವಿಷಯ ಗೊತ್ತಾಯ್ತು, ಬರೆದಿಡ್ತೀನಿ ಯಾಕಂದ್ರೆ ಎಲ್ಲಾ ಸ್ಟೂಡೆಂಟ್ ಸಿನಿಮಾಗೂ ಬೇಕಾಗತ್ತೆ. ನಮ್ ದೇಶದ ಕರೆಂಟು 50 ಹರ್ಟ್ಜ್, ಸೆಕೆಂಡಿಗೆ 24 ಫ್ರೇಮ್ ತೆಗೆಯೋವಾಗ ಶಟರ್ ಸ್ಪೀಡು 1/48 ಸೆಕೆಂಡು ಅಂತ ಪುಸ್ತಕದಲ್ಲಿರತ್ತೆ, ಆದ್ರೆ ಹಳೇ ಟ್ಯೂಬ್‌ಲೈಟ್, ಕೆಲವು ಅಗ್ಗದ ಎಲ್‌ಇಡಿ ಕೆಳಗೆ ಅದು ಮಿಣಮಿಣ ಅನ್ನೋ ಸಾಧ್ಯತೆ ಇದೆ, 1/50 ಇಟ್ರೆ ನಿಲ್ಲತ್ತೆ. ಫೋನಲ್ಲಿ ಶೂಟ್ ಮಾಡೋರಿಗೂ ಇದೇ, ಆಟೊ ಬಿಟ್ಟು ಶಟರ್ ಲಾಕ್ ಮಾಡ್ಬೇಕು. ಎರಡನೇದು ವೈಟ್ ಬ್ಯಾಲೆನ್ಸು, ಅಂದ್ರೆ ಬೆಳಕಿನ ಬಣ್ಣಕ್ಕೆ ಕ್ಯಾಮೆರಾನ ಹೊಂದಿಸೋದು. ಬೆಳಕಿನ ಬಣ್ಣ ಅಳೆಯೋ ಕೆಲ್ವಿನ್ ಲೆಕ್ಕದಲ್ಲಿ ಒಲೆ ಬೆಂಕಿ 2000 ಹತ್ರ ಇರತ್ತೆ, ಟ್ಯೂಬ್‌ಲೈಟು 6500 ಹತ್ರ, ಆಟೊ ಇಟ್ರೆ ಬಾಗಿಲು ತೆಗೆದಾಗ ಒಂದು ಬಣ್ಣ, ಮುಚ್ಚಿದಾಗ ಇನ್ನೊಂದು ಬಣ್ಣ. ನಾವು ಟ್ಯೂಬ್‌ಲೈಟ್ ಪೂರ್ತಿ ಆರಿಸಿ, ಒಲೆ ಬೆಳಕು ಮತ್ತೆ ಅದಕ್ಕೆ ಹೊಂದೋ ಹಳದಿ ಬಲ್ಬ್ ಎರಡು ಇಟ್ಕೊಂಡು, ಸೆಟ್ಟಿಂಗ್ ಒಂದು ಸಲ ಮಾಡಿದ್ದನ್ನ ಇಡೀ ರಾತ್ರಿ ಮುಟ್ಟಲಿಲ್ಲ. ಆವಿಗೆ ಲೆನ್ಸ್ ಮಬ್ಬಾಗತ್ತಲ್ಲ, ಅದಕ್ಕೆ ಕ್ಯಾಮೆರಾನ ಶೂಟಿಗೆ ಅರ್ಧ ಗಂಟೆ ಮುಂಚೆನೇ ಒಳಗಿಟ್ಟು ಆ ಬಿಸಿಗೆ ಹೊಂದ್ಕೊಳ್ಳೋಕೆ ಬಿಡ್ತಿದ್ವಿ.

ನನ್ ಕೆಲಸಕ್ಕೆ ಬರ್ತೀನಿ. ಬೂಮ್ ಹಿಡಿಯೋದನ್ನ ಹೊರಗಿನವ್ರು ಕೋಲು ಹಿಡ್ಕೊಂಡು ನಿಲ್ಲೋದು ಅನ್ಕೋತಾರೆ. ಮಾತಾಡೋರ ಬಾಯಿಗೆ ಒಂದೂವರೆ ಎರಡು ಅಡಿ ದೂರ, ಮೇಲಿಂದ, ಫ್ರೇಮಿಗೆ ಕಾಣದ ಹಾಗೆ, ನೆರಳು ಬೀಳದ ಹಾಗೆ, ಡೈಲಾಗ್ ಬಾಯಿಪಾಠ ಮಾಡ್ಕೊಂಡು ಅಣ್ಣ ಮಾತು ಮುಗಿಸೋ ಮುಂಚೆನೇ ಮೈಕ್ ಮೂತಿ ತಂಗಿ ಕಡೆ ತಿರುಗಿರ್ಬೇಕು, ನಟರಷ್ಟೇ ರಿಹರ್ಸಲ್ ಬೇಕು. ಬೆಂಕಿ ಬೆಳಕು ಕೆಳಗಿಂದ ಬರೋದ್ರಿಂದ ನೆರಳು ಸೂರಿಗೆ ಬೀಳ್ತಿತ್ತು, ಆ ಒಂದು ಲಾಭ ಸಿಕ್ತು. ಜೊತೆಗೆ ಇಬ್ರಿಗೂ ಕಾಲರ್ ಮೈಕ್ ಹಾಕಿದ್ವಿ, ಆದ್ರೆ ಅಣ್ಣನ ಬನಿಯನ್ನು ಬೆವರಿಗೆ ಮೈಗೆ ಅಂಟ್ಕೊಂಡು ಉಜ್ಜೋ ಸದ್ದೇ ಜಾಸ್ತಿ, ಕೊನೆಗೆ ಬಳಸಿದ್ದು ಬಹುಪಾಲು ಬೂಮ್ ಸೌಂಡೇ. ರೆಕಾರ್ಡರ್ ಸೆಟ್ಟಿಂಗು 48 ಕಿಲೋಹರ್ಟ್ಜ್, 24 ಬಿಟ್ಟು, ಜೋರು ಮಾತು ಮೀಟರಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು ಇರೋ ಹಾಗೆ. ಕೂಗಾಡೋ ಸೀನಿಗೆ ಲೆವೆಲ್ ಇನ್ನೂ ಇಳಿಸಿಟ್ಟು, ನಟರ ಹತ್ರ ರಿಹರ್ಸಲಲ್ಲೂ ನಿಜವಾಗ್ಲೂ ಕೂಗಿ ಅಂತ ಕೇಳ್ಕೋತಿದ್ದೆ, ಒಡೆದ ಸೌಂಡನ್ನ ಆಮೇಲೆ ಸರಿ ಮಾಡೋಕಾಗಲ್ಲ.

ಪ್ರತಿ ಜಾಗದಲ್ಲೂ ಶೂಟ್ ಮುಗಿದ ಮೇಲೆ ಯಾರೂ ಅಲ್ಲಾಡದೇ ಒಂದು ನಿಮಿಷ ರೂಮ್ ಟೋನ್, ಅಂದ್ರೆ ಮಾತಿಲ್ಲದಾಗ ಆ ಜಾಗದ್ದೇ ಇರೋ ಸದ್ದು, ತಗೋಬೇಕು. ಸುಸ್ತಾಗಿ ಹೊಟ್ಟೆ ಹಸ್ಕೊಂಡಿರೋ ಗುಂಪನ್ನ ಒಂದು ನಿಮಿಷ ಸುಮ್ನೆ ನಿಲ್ಲಿಸೋದು ಸುಲಭ ಅಲ್ಲ, ಆದ್ರೆ ಶೀಟಲ್ಲಿ ಬರ್ಕೊಂಡಿದ್ದು ಕೆಲಸಕ್ಕೆ ಬಂತು, ಡೈರೆಕ್ಟರೇ ಮೊದಲು ಬಂದು ಕೈ ಕಟ್ಕೊಂಡು ನಿಲ್ಲೋನು. ಎಡಿಟಿಂಗಲ್ಲಿ ಎರಡು ಟೇಕ್ ಜೋಡಿಸಿದಾಗ ಮಧ್ಯದಲ್ಲಿ ಹಳ್ಳ ಬಿದ್ದ ಹಾಗೆ ಕೇಳೋದನ್ನ ಮುಚ್ಚೋದು ಆ ಒಂದು ನಿಮಿಷಾನೇ. ಮನೆ ಒಳಗಿನ ಸೀನಿಗೆ ಫ್ರಿಜ್ ಆಫ್ ಮಾಡಿಸ್ಬೇಕಾಗಿತ್ತು, ಅದ್ರ ಗುಂಯ್ ಅನ್ನೋದು ಮೈಕಲ್ಲಿ ಚೆನ್ನಾಗಿ ಕೇಳತ್ತೆ. ಆ ಮನೆಯವ್ರ ಹಾಲು ಮೊಸರು ಹಾಳಾಗ್ಬಾರ್ದಲ್ಲ, ಅದಕ್ಕೆ ಸೌಂಡಿನವ್ರು ಮಾಡೋ ಒಂದು ಪದ್ಧತಿ ಇದೆ, ನಮ್ ಗಾಡಿ ಕೀ ತಗೊಂಡು ಫ್ರಿಜ್ ಒಳಗೇ ಇಡೋದು, ಹೊರಡೋವಾಗ ಕೀ ಬೇಕಂದ್ರೆ ಫ್ರಿಜ್ ಬಾಗಿಲು ತೆಗೀಲೇಬೇಕು, ತೆಗೆದ್ರೆ ಆನ್ ಮಾಡೋದು ನೆನಪಾಗತ್ತೆ. ನನ್ ಸ್ಕೂಟಿ ಕೀ ದಿನಾ ಮೊಸರಿನ ಪಾತ್ರೆ ಪಕ್ಕ ಕೂತಿರ್ತಿತ್ತು, ಮನೆಯಮ್ಮ ಅದನ್ನ ನೋಡಿ ಕಾರಣ ಕೇಳಿ ತಿಳ್ಕೊಂಡ ಮೇಲೆ ನಮ್ ಮೇಲೆ ಅವ್ರಿಗೆ ಬಂದ ನಂಬಿಕೆನೇ ಬೇರೆ. "ನಮ್ ಮನೆ ಹಾಲಿನ್ ಗ್ಯಾನ ಇಟ್ಕಂಡವ್ರಲ್ಲ ಈ ಹೈಕ್ಳು" ಅಂತ ಪಕ್ಕದ ಮನೆಯವ್ರಿಗೂ ಹೇಳಿ, ನಮ್ ಟೇಕ್ ನಡಿಯೋವಾಗ ಬೀದಿ ಮಕ್ಕಳನ್ನ ಸುಮ್ಮನಿರ್ಸೋ ಕೆಲಸ ಅವ್ರೇ ವಹಿಸ್ಕೊಂಡ್ರು.

ಆ ನಂಬಿಕೆ ಅನ್ನೋದು ಪ್ರೊಡಕ್ಷನ್ನಿನ ದೊಡ್ಡ ಭಾಗ, ಬಜೆಟ್ಟಿಗಿಂತ ದೊಡ್ಡದು ಅಂತೀನಿ. ಆಲೆಮನೆಯಲ್ಲಿ ಕೆಲಸ ಮಾಡೋರು ಕೊಪ್ಪರಿಗೆ ಲೆಕ್ಕಕ್ಕೆ ಕೂಲಿ ತಗೊಳೋರು, ನಾವು ಅಡ್ಡ ನಿಂತು ತಡ ಮಾಡಿದ್ರೆ ಅವ್ರ ದುಡ್ಡು ಹೋಗತ್ತೆ. ಶೂಟಿಗೆ ಮುಂಚೆನೇ ಕೂತು ಮಾತಾಡಿ, ನಮ್ಮಿಂದ ಕೆಲಸ ನಿಂತ ಹೊತ್ತಿಗೆ ಇಷ್ಟು ಅಂತ ಒಪ್ಕೊಂಡು, ದಿನದ ಕೊನೇಲಿ ಅವತ್ತೇ ಕೊಟ್ವಿ, ನಾಳೆ ಅನ್ನೋ ಮಾತೇ ಇಟ್ಕೊಳ್ಳಲಿಲ್ಲ. ತೆರೆ ಮೇಲೆ ಮುಖ ಬರೋ ಎಲ್ರ ಹತ್ರಾನೂ ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ತಗೊಂಡ್ವಿ. ಇನ್ನೊಂದು, ಕುದಿಯೋ ಕೊಪ್ಪರಿಗೆ ಪಕ್ಕ ಕೇಬಲ್ಲು, ಸ್ಟ್ಯಾಂಡು, ಕತ್ತಲು. ಒಬ್ಬನನ್ನ ಬರೀ ಅದಕ್ಕೇ ನಿಲ್ಲಿಸಿದ್ವಿ, ಅವನ ಕೈಲಿ ಒಂದು ಟಾರ್ಚು, ಅವನು ನಿಲ್ಲಿ ಅಂದ್ರೆ ಡೈರೆಕ್ಟರೂ ನಿಲ್ಬೇಕು. ಎಂಟು ಜನದಲ್ಲಿ ಒಬ್ಬನನ್ನ ಹಂಗೆ ಖಾಲಿ ಇಡೋದು ದಂಡ ಅಂತ ಕೆಲವರಿಗೆ ಅನ್ನಿಸಿತ್ತು. ಪಾಕ ಇಳಿಸೋವಾಗ ಕೊಪ್ಪರಿಗೆ ಅಂಚಿಗೆ ನಮ್ ಲೈಟ್ ಸ್ಟ್ಯಾಂಡ್ ಎಷ್ಟು ಹತ್ರ ಇರತ್ತೆ ಅಂತ ಒಂದ್ಸಲ ನೋಡಿದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನಟರಲ್ಲಿ ಇಬ್ರೂ ಹವ್ಯಾಸಿ ರಂಗಭೂಮಿಯವ್ರು. ಮಾತು ಸ್ಪಷ್ಟ, ಶಿಸ್ತು, ಟೈಮಿಗೆ ಮುಂಚೆ ಬರೋದು, ಅದೆಲ್ಲ ನಾಟಕದಿಂದ ಬಂದ ಸಂಪತ್ತು. ಆದ್ರೆ ಕೊನೇ ಸಾಲಿನವರೆಗೂ ದನಿ ಮುಟ್ಟಿಸಿ ಅಭ್ಯಾಸ, ಕ್ಯಾಮೆರಾ ಮೂರಡಿ ದೂರದಲ್ಲಿದೆ. ಡೈರೆಕ್ಟರ್ "ಕಮ್ಮಿ ಮಾಡಿ" ಅಂತ ಎಷ್ಟು ಹೇಳಿದ್ರೂ ಅದು ನಟರಿಗೆ ಕೈಗೆ ಸಿಗೋ ಮಾತಲ್ಲ. ನಾನು ಹೆಡ್‌ಫೋನ್ ಅವ್ರ ಕಿವಿಗೆ ಕೊಟ್ಟೆ, ಅವ್ರದ್ದೇ ಪಿಸುಮಾತು ಎಷ್ಟು ಹತ್ರದಲ್ಲಿ ಕೇಳತ್ತೆ ಅಂತ ಕೇಳಿಸ್ಕೊಂಡ ಮೇಲೆ ಅವ್ರಾಗೇ ಇಳಿಸಿದ್ರು. ಪಾಕ ಹಿಡಿಯೋರ ಪಾತ್ರಕ್ಕೆ ಮಾತ್ರ ನಟರನ್ನ ಹಾಕ್ಲಿಲ್ಲ, ಆ ಕೈಯ ಅಭ್ಯಾಸ ನಟಿಸೋಕೆ ಬರಲ್ಲ. ನಿಜವಾದ ಪಾಕದವ್ರೇ ಇದ್ರು. ಅವ್ರಿಗೆ ಹಿಂಗ್ ನಿಲ್ಲಿ, ಹಂಗ್ ನೋಡಿ ಅಂತ ಏನೂ ಹೇಳ್ಬಾರ್ದು ಅಂತ ತೀರ್ಮಾನ ಮಾಡ್ಕೊಂಡು, ಕ್ಯಾಮೆರಾ ಉದ್ದಕ್ಕೆ ಓಡಿಸಿ, ಅವ್ರ ಸುತ್ತ ಕಥೆ ಜೋಡಿಸಿದ್ವಿ.

ಗುಂಪು ಅಂದ್ಮೇಲೆ ಜಗಳ ಆಗತ್ತೆ. ಡೈರೆಕ್ಟರಿಗೂ ಕ್ಯಾಮೆರಾಮನ್‌ಗೂ ಮೊದಲ ರಾತ್ರಿನೇ ಹತ್ತಿಕೊಳ್ತು, ಒಬ್ಬನಿಗೆ ಶಾಟ್ ನಿಂತಿರ್ಬೇಕು, ಇನ್ನೊಬ್ಬನಿಗೆ ಕೈಯಲ್ಲಿ ಹಿಡ್ಕೊಂಡು ಓಡಾಡ್ಬೇಕು, ನಟರು ಮಧ್ಯದಲ್ಲಿ ಬೆವರ್ತಾ ನಿಂತಿದಾರೆ. ಅವತ್ತಿಂದ ಒಂದು ನಿಯಮ ಬಂತು, ವಾದ ಏನಿದ್ರೂ ಹೊರಗೆ ಕಬ್ಬಿನ ರಾಶಿ ಹತ್ರ ಹೋಗಿ ಮಾಡೋದು, ಒಳಗೆ ಬಂದ್ಮೇಲೆ ನಟರ ಜೊತೆ ಮಾತಾಡೋದು ಡೈರೆಕ್ಟರ್ ಒಬ್ಬನೇ. ನಟರಿಗೆ ಎರಡು ಬಾಯಿಂದ ಎರಡು ಮಾತು ಬಂತು ಅಂದ್ರೆ ಅವ್ರು ಯಾರನ್ನೂ ನಂಬಲ್ಲ. ಊಟದ ಟೈಮ್ ಜಾರಿಸ್ಬಾರ್ದು ಅನ್ನೋದೂ ಇಂಥದ್ದೇ ನಿಯಮ, ನಮ್ ಪ್ರೊಡಕ್ಷನ್ ಹುಡುಗ ಗಡಿಯಾರ ನೋಡ್ಕೊಂಡು ಬ್ರೇಕ್ ಅಂದ್ರೆ ಬ್ರೇಕು. ಆ ಹುಡುಗನ್ನ ನಾನು ಎಷ್ಟು ಹೊಗಳಿದ್ರೂ ಕಮ್ಮಿ, ಎಂಟು ಜನದ ನಿದ್ದೆ, ಹೊಟ್ಟೆ, ಬಸ್ ಟೈಮು, ದುಡ್ಡಿನ ಲೆಕ್ಕ ಎಲ್ಲ ಅವನ ಒಂದು ನೋಟ್‌ಬುಕ್ಕಲ್ಲಿತ್ತು, ಖರ್ಚಾದ ಪ್ರತಿ ರೂಪಾಯಿ ಅವತ್ತು ರಾತ್ರಿನೇ ಗ್ರೂಪಿಗೆ ಬರ್ತಿತ್ತು. ದುಡ್ಡಿನ ವಿಷಯಕ್ಕೆ ಒಡೆದುಹೋದ ತಂಡಗಳನ್ನ ನಾನು ನೋಡಿದೀನಿ, ನಮ್ಮಲ್ಲಿ ಆ ಮಾತೇ ಬರ್ಲಿಲ್ಲ.

ಡೇಟಾ ಕೆಲಸ ಚಿಕ್ಕದಾಗಿ ಹೇಳ್ಬಿಡ್ತೀನಿ. ಕಾರ್ಡ್ ತೆಗೆಯೋದು, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ ಹಾಕೋದು, ತೆಗೆದು ನೋಡೋದು, ಆಮೇಲೆ ಫಾರ್ಮ್ಯಾಟ್ ಮಾಡೋದು, ಇಷ್ಟನ್ನೂ ಒಬ್ಬಳೇ ಮಾಡ್ತಿದ್ದಳು, ಬೇರೆ ಯಾರೂ ಕಾರ್ಡ್ ಮುಟ್ಟೋ ಹಾಗಿರ್ಲಿಲ್ಲ. ತುಂಬಿದ ಕಾರ್ಡಿಗೆ ಕೆಂಪು ಟೇಪು. ಎರಡು ಡಿಸ್ಕು ಒಂದೇ ಬ್ಯಾಗಲ್ಲಿ ಇರ್ಬಾರ್ದು, ಒಂದು ಅವಳ ಹತ್ರ, ಇನ್ನೊಂದು ಯಜಮಾನ್ರ ಮನೆ ಬೀರುವಿನಲ್ಲಿ. ಕ್ಲಾಪ್ ಹೊಡೆಯೋವಾಗ ಸೀನ್, ಶಾಟ್, ಟೇಕ್ ಬಾಯಲ್ಲೂ ಹೇಳಿದ್ರಿಂದ ಸೌಂಡ್ ಫೈಲನ್ನೂ ವಿಡಿಯೊ ಫೈಲನ್ನೂ ಹೊಂದಿಸೋಕೆ ಎಡಿಟರ್ ಎಲ್ಲೂ ಒದ್ದಾಡ್ಲಿಲ್ಲ.

ಎಡಿಟಿಂಗ್‌ಗೆ ಒಂದು ಒಪ್ಪಂದ ಇತ್ತು, ಮೊದಲ ಕಟ್ ಆಗೋವರೆಗೂ ಯಾರೂ ಅವನ ರೂಮಿಗೆ ಹೋಗೋ ಹಾಗಿಲ್ಲ, ಡೈರೆಕ್ಟರೂ. ಶೂಟಿಂಗ್ ಮಾಡಿದವ್ರಿಗೆ ಪ್ರತಿ ಶಾಟಿನ ಹಿಂದಿನ ಕಷ್ಟ ನೆನಪಿರತ್ತೆ, ನೋಡೋರಿಗೆ ಅದು ಕಾಣಲ್ಲ. ಮೊದಲ ಕಟ್ 17 ನಿಮಿಷ ಬಂತು, ಕೊನೆಗೆ 11ಕ್ಕೆ ಇಳೀತು. ಬೆಳಗಿನ ಜಾವ ಮಂಜಲ್ಲಿ ಕಬ್ಬಿನ ಗದ್ದೆ ಮಧ್ಯ ತಂಗಿ ನಡ್ಕೊಂಡು ಬರೋ ಶಾಟ್ ಹೋಯ್ತು, ಕ್ಯಾಮೆರಾ ಹುಡುಗ ಎಲ್ಲಕ್ಕಿಂತ ಜಾಸ್ತಿ ಪ್ರೀತಿಸಿದ ಶಾಟು. ಕಥೆ ಒಂದೇ ರಾತ್ರಿ ಒಳಗೆ ಮುಗಿಯತ್ತೆ, ಬೆಳಗಾದ್ರೆ ಬಿಗಿ ಹೋಗತ್ತೆ ಅಂತ ಎಡಿಟರ್ ಎರಡೂ ಥರ ತೋರಿಸ್ದ, ತೆಗೆಯೋದೇ ಸರಿ ಅಂತ ಮೊದಲು ಹೇಳಿದ್ದು ಆ ಕ್ಯಾಮೆರಾ ಹುಡುಗಾನೇ. ಅವತ್ತು ನನಗೆ ಅವನ ಮೇಲೆ ಬಂದ ಗೌರವ ದೊಡ್ಡದು.

ಹಾಡಿನ ವಿಚಾರ ಒಂದಿದೆ. ರಫ್ ಕಟ್ಟಿಗೆ ಬೇಂದ್ರೆಯವ್ರ ಒಂದು ಪದ್ಯ ಹಾಕಿ ನೋಡಿದ್ವಿ, ತುಂಬಾ ಚೆನ್ನಾಗಿ ಕೂತಿತ್ತು. ಕವಿಗಳು ತೀರಿಕೊಂಡಿದ್ದಾರಲ್ಲ, ಬಳಸ್ಬೋದು ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ನಮ್ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವ್ರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರತ್ತೆ, ಬೇಂದ್ರೆಯವ್ರು ತೀರಿಕೊಂಡಿದ್ದು 1981ರಲ್ಲಿ, ಅಂದ್ರೆ 2041ರ ಕೊನೆವರೆಗೂ ಅನುಮತಿ ಬೇಕು. ಸಿನಿಮಾ ಹಾಡು ಅಂತೂ ಹಿನ್ನೆಲೆಯಲ್ಲಿ ರೇಡಿಯೊದಲ್ಲಿ ಕೇಳಿದ್ರೂ ಯೂಟ್ಯೂಬಲ್ಲಿ ಕ್ಲೇಮ್ ಬರೋ ಸಾಧ್ಯತೆ ಇದೆ, ಅದಕ್ಕೇ ಶೂಟಿಂಗ್ ಹೊತ್ತಲ್ಲಿ ರೇಡಿಯೊ ಆಫ್ ಮಾಡ್ಸಿದ್ವಿ. ಕೊನೆಗೆ ಸಂಗೀತನೇ ಬೇಡ ಅಂತಾಯ್ತು. ನಾನು ಮಾತಿಲ್ಲದ ಹೊತ್ತಲ್ಲೆಲ್ಲ ಬರೀ ಸದ್ದು ರೆಕಾರ್ಡ್ ಮಾಡ್ಕೊಂಡಿದ್ದೆ, ಒಣ ಸಿಪ್ಪೆಗೆ ಬೆಂಕಿ ಹತ್ತೋದು, ನೊರೆ ತೆಗೆಯೋ ಜಾಲರಿ ಕೊಪ್ಪರಿಗೆ ಅಂಚಿಗೆ ತಾಗೋದು, ಅಚ್ಚಿಗೆ ಪಾಕ ಬೀಳೋದು, ಪಾಕ ದಪ್ಪ ಆದ ಹಾಗೆ ಗುಳ್ಳೆ ಒಡೆಯೋ ಸದ್ದೂ ದಪ್ಪ ಆಗ್ತಾ ಹೋಗತ್ತೆ, ಶುರುವಲ್ಲಿ ಸುರುಸುರು, ಕೊನೇಲಿ ಕೊತ ಕೊತ ಅಂತ ನಿಧಾನ. ಅದನ್ನೇ ಕ್ರಮವಾಗಿ ಜೋಡಿಸಿ ಇಡೀ ಸಿನಿಮಾದ ಕೆಳಗೆ ಓಡಿಸಿದ್ವಿ. ಜಗಳ ಬಿಗಿಯಾದ ಹಾಗೆ ಗುಳ್ಳೆ ನಿಧಾನ ಆಗತ್ತೆ, ನೋಡೋರಿಗೆ ಅದು ಗೊತ್ತಾಗಲ್ಲ, ಆದ್ರೆ ಮೈಗೆ ತಾಗತ್ತೆ.

ಆ ಸದ್ದುಗಳೆಲ್ಲ ಹೆಸರು ಬರೆದು, ಎಲ್ಲಿ ಹೆಂಗೆ ತಗೊಂಡಿದ್ದು ಅಂತ ಗುರುತು ಹಾಕಿ ಡಿಪಾರ್ಟ್‌ಮೆಂಟಿನ ಹಾರ್ಡ್‌ಡಿಸ್ಕಲ್ಲಿ ಇಟ್ಟಿದೀನಿ, ಪಕ್ಕದಲ್ಲೇ ನಮ್ ಕೆಲಸ ಹಂಚಿದ ಶೀಟು, ಕಂಟಿನ್ಯೂಟಿ ಚಾರ್ಟು, ಕನ್ನಡದ ಒಪ್ಪಿಗೆ ಪತ್ರದ ನಮೂನೆ. ಈ ವರ್ಷ ಮಾಡೋರು ತಗೊಂಡು ಬಳಸಿ, ಬದಲಾಯಿಸ್ಕೊಳ್ಳಿ, ಟೈಟಲಲ್ಲಿ ಆಲೆಮನೆಯವ್ರ ಹೆಸರು ಹಾಕೋದು ಮಾತ್ರ ಮರೀಬೇಡಿ, ಆ ಸದ್ದುಗಳು ಅವ್ರ ಕೆಲಸದ್ದು.